ತಪ್ಪು ತೀರ್ಪಿನಿಂದ ಜೈಲಿಗೆ ಹೋದ ಪಾದ್ರಿಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಬೇಕು ಅಂತಿದ್ದೇವೆ, ಬೈಯುವವರು ಈಗಲೇ ಬೈದುಬಿಡಿ

ಊರ್ಗಾಂ ಕ್ಯಾಮೆರಾ:
ಎಲ್ಲರಿಗೂ ನಮಸ್ಕಾರ. ನಾನು ಕೆಜಿಎಫ್‌ನವನು, ಈಗ ಕೋಲಾರದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡಿಕೊಂಡಿದ್ದೇನೆ. ನಮ್ಮದೊಂದು ಸಣ್ಣ ಗುಂಪಿದೆ. ಬಿಡುವಾದಾಗ ಯಾರದಾದರೂ ಮನೆಯಲ್ಲಿ ಸೇರಿ ಸಾಕ್ಷ್ಯಚಿತ್ರ ನೋಡುತ್ತೇವೆ, ಆಮೇಲೆ ಗಲಾಟೆ ಮಾಡುತ್ತೇವೆ. ಹೋದ ಸಲದ ಗಲಾಟೆ ಕಾರ್ಡಿನಲ್ ಜಾರ್ಜ್ ಪೆಲ್ ಬಗ್ಗೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೆಲ್ ಆಸ್ಟ್ರೇಲಿಯಾದವರು, ಪೋಪ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪಾದ್ರಿ, ವ್ಯಾಟಿಕನ್‌ನ ಹಣಕಾಸು ನೋಡಿಕೊಳ್ಳುತ್ತಿದ್ದವರು. 1996ರಲ್ಲಿ ಮೆಲ್ಬರ್ನ್‌ನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನಲ್ಲಿ ಗಾಯನ ತಂಡದ ಇಬ್ಬರು ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು ಎಂಬ ಆರೋಪ ಬಂತು. ಮೊದಲನೇ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಎರಡನೆಯದು 2018ರ ಡಿಸೆಂಬರ್‌ನಲ್ಲಿ ತಪ್ಪಿತಸ್ಥ ಎಂದಿತು. 2019ರ ಮಾರ್ಚ್‌ನಲ್ಲಿ 6 ವರ್ಷ ಶಿಕ್ಷೆ. ಮೇಲ್ಮನವಿಯಲ್ಲಿ ಇಬ್ಬರು ಜಡ್ಜ್‌ಗಳು ಶಿಕ್ಷೆ ಸರಿ ಎಂದರು, ಒಬ್ಬರು ಒಪ್ಪಲಿಲ್ಲ. ಕೊನೆಗೆ 2020ರ ಏಪ್ರಿಲ್ 7ಕ್ಕೆ ಆಸ್ಟ್ರೇಲಿಯಾ ಹೈಕೋರ್ಟಿನ (ಅಲ್ಲಿ ಅದೇ ಎಲ್ಲಕ್ಕಿಂತ ಮೇಲಿನ ಕೋರ್ಟು) 7 ಜಡ್ಜ್‌ಗಳೂ ಒಂದೇ ಮಾತಲ್ಲಿ ಶಿಕ್ಷೆ ರದ್ದು ಮಾಡಿದರು. ಅಷ್ಟರಲ್ಲಿ 400ಕ್ಕೂ ಜಾಸ್ತಿ ದಿನ ಒಳಗಿದ್ದರು.

ಇಂಥ ಪ್ರಕರಣಗಳನ್ನು ಇಟ್ಟುಕೊಂಡು ಅರ್ಧ ಗಂಟೆಯ ಕನ್ನಡ ಸಾಕ್ಷ್ಯಚಿತ್ರ ಮಾಡಬೇಕು ಅನ್ನುವುದು ನಮ್ಮ ಆಸೆ. ಕ್ಯಾಮೆರಾ ಇದೆ, ಎಡಿಟಿಂಗ್ ಮಾಡುವವನು ನಾನೇ. ದುಡ್ಡಿಲ್ಲ. ಇಲ್ಲಿ ಕೂತು ಮಾಡಲು ಆಗುತ್ತಾ? ಇನ್ನೊಂದು, ಮನೆಯಲ್ಲಿ ಅಮ್ಮನಿಗೆ ಹೇಳಿದರೆ "ನಿನಗೆ ಬೇರೆ ವಿಷಯ ಸಿಗಲಿಲ್ವಾ, ನಾಳೆ ನಾನು ಚರ್ಚಿಗೆ ಹೋಗೋದು ಬೇಡ್ವಾ" ಅಂದರು. ಗುಂಪಿನ ಹುಡುಗಿಯೊಬ್ಬಳು "ನೊಂದ ಮಕ್ಕಳ ಬಾಯಿ ಮುಚ್ಚಿಸುವ ಸಿನಿಮಾ ಇದು" ಎಂದು ಎದ್ದು ಹೋದಳು. ಇಬ್ಬರೂ ಒಂದೇ ದಿನ ಬೈದಿದ್ದಾರೆ, ವಿರುದ್ಧ ಕಾರಣಗಳಿಗೆ.

ಚಿಂತಾಮಣಿ ಟೊಮ್ಯಾಟೊ:
ಮದುವೆ ವಿಡಿಯೋದಲ್ಲಿ ದುಡ್ಡೂ ಬರುತ್ತೆ, ಊಟವೂ ಸಿಗುತ್ತೆ. ಯೋಚನೆ ಮಾಡು ಗುರು.

ತಿಪಟೂರು ಕೊಬ್ಬರಿ:
ಎದ್ದು ಹೋದ ಹುಡುಗಿಗೆ ನನ್ನ ಓಟು. ಸ್ವಲ್ಪ ಲೆಕ್ಕ ನೋಡಿ. 2002ರಲ್ಲಿ ಬಾಸ್ಟನ್‌ನ ಪತ್ರಿಕೆಯೊಂದು ಹೊರತರುವವರೆಗೂ ಅಲ್ಲಿನ ಚರ್ಚು ಮಕ್ಕಳಿಗೆ ಕಿರುಕುಳ ಕೊಟ್ಟ ಪಾದ್ರಿಗಳನ್ನು ಒಂದು ಊರಿಂದ ಇನ್ನೊಂದು ಊರಿಗೆ ವರ್ಗ ಮಾಡಿಕೊಂಡು ಮುಚ್ಚಿಟ್ಟಿತ್ತು. 2018ರಲ್ಲಿ ಪೆನ್ಸಿಲ್ವೇನಿಯಾದ ಗ್ರ್ಯಾಂಡ್ ಜ್ಯೂರಿ (ತನಿಖೆ ಮಾಡುವ ಜನಸಾಮಾನ್ಯರ ತಂಡ) ವರದಿ ಬಂತು. 300ಕ್ಕೂ ಹೆಚ್ಚು ಪಾದ್ರಿಗಳು, 1000ಕ್ಕೂ ಹೆಚ್ಚು ಮಕ್ಕಳು. ಅದೂ ಒಂದೇ ರಾಜ್ಯದಲ್ಲಿ. ಇಷ್ಟೆಲ್ಲ ಇರುವಾಗ ನಿಮಗೆ ಕಣ್ಣಿಗೆ ಬಿದ್ದದ್ದು ಬಿಡುಗಡೆಯಾದ ಕಾರ್ಡಿನಲ್ಲಾ? ಅವರ ಹತ್ತಿರ ದೊಡ್ಡ ವಕೀಲರಿದ್ದರು. ಮಕ್ಕಳ ಹತ್ತಿರ ಯಾರಿದ್ದರು?

ಬೌರಿಂಗ್‌ಪೇಟೆ ಹಳಬ:
ಕೊಬ್ಬರಿಯವರೇ, ನೀವು ಹೇಳಿದ್ದೆಲ್ಲ ನಿಜ. ಆದರೆ ನೂರು ಜನ ತಪ್ಪು ಮಾಡಿದರು ಅಂತ ನೂರಾ ಒಂದನೆಯವನನ್ನು ವಿಚಾರಣೆ ಇಲ್ಲದೆ ಹಾಕಿಬಿಡಲು ಆಗುತ್ತಾ? ಅದೂ ಅಲ್ಲದೆ ಪಾದ್ರಿ ಮೇಲಿನ ಕೇಸು ಎಂದರೆ ಬರೀ ಈ ಬಗೆಯದೇ ಅಲ್ಲ.

ಅಮೆರಿಕದ ಡೆಲವೇರ್‌ನಲ್ಲಿ 1979ರಲ್ಲಿ ಒಂದು ಕೇಸಾಯಿತು. ಬಂದೂಕು ತೋರಿಸಿ ಅಂಗಡಿಗಳನ್ನು ದೋಚುತ್ತಿದ್ದ ಒಬ್ಬ ಇದ್ದ, ಬಹಳ ಮರ್ಯಾದಸ್ಥ. 'ದಯವಿಟ್ಟು', 'ಕ್ಷಮಿಸಿ' ಅನ್ನುತ್ತಲೇ ದೋಚುತ್ತಿದ್ದ. ಪೊಲೀಸರು ಹಿಡಿದದ್ದು ಬರ್ನಾರ್ಡ್ ಪಗಾನೋ ಎಂಬ ಕ್ಯಾಥೊಲಿಕ್ ಫಾದರನ್ನು. ಕೋರ್ಟಿನಲ್ಲಿ 7 ಜನ ಪ್ರತ್ಯಕ್ಷ ಸಾಕ್ಷಿಗಳು "ಇವರೇ" ಎಂದು ಬೆರಳು ತೋರಿಸಿದರು. 7 ಜನ! ವಿಚಾರಣೆ ನಡೆಯುತ್ತಿರುವಾಗಲೇ ಇನ್ನೊಬ್ಬ ಬಂದು "ಕದ್ದವನು ನಾನು" ಎಂದು ಒಪ್ಪಿಕೊಂಡ. ಅವನು ಫಾದರ್‌ಗಿಂತ ಹತ್ತು ವರ್ಷಕ್ಕೂ ಜಾಸ್ತಿ ಚಿಕ್ಕವನು. ಕೇಸು ಕೈಬಿಟ್ಟರು.

ಏಳೂ ಜನ ಸುಳ್ಳು ಹೇಳಿದರಾ? ಇಲ್ಲ. ಕಳ್ಳ ಪಾದ್ರಿಯೂ ಇರಬಹುದು ಅನ್ನುವ ಮಾತು ಅವರ ಕಿವಿಗೆ ಮೊದಲೇ ಬಿದ್ದಿತ್ತು. ಗುರುತು ಹಿಡಿಯಲು ಕೊಟ್ಟ ಫೋಟೋಗಳಲ್ಲಿ ಪಾದ್ರಿಗಳ ಬಿಳಿ ಕಾಲರ್ ಹಾಕಿದ್ದವರು ಇವರೊಬ್ಬರೇ. ಕಣ್ಣು ಎಲ್ಲಿಗೆ ಹೋಗುತ್ತದೆ ಹೇಳಿ. ಈ ಫೋಟೋಗಳ ಸಾಲನ್ನು ಪರದೆ ಮೇಲೆ ಇಟ್ಟು ಸುಮ್ಮನೆ ಅರ್ಧ ನಿಮಿಷ ಬಿಟ್ಟರೆ ಸಾಕು, ಮಾತೇ ಬೇಡ.

ಊರ್ಗಾಂ ಕ್ಯಾಮೆರಾ:
ಹಳಬರೇ, ಇದು ಗೊತ್ತೇ ಇರಲಿಲ್ಲ. ಬರೆದಿಟ್ಟುಕೊಂಡೆ.

ತಿಪಟೂರು ಕೊಬ್ಬರಿ:
ಇದು ಶಿಕ್ಷೆ ಆದ ಕೇಸೇ ಅಲ್ಲ. ವಿಚಾರಣೆಯಲ್ಲೇ ಮುಗಿಯಿತು. ತಪ್ಪು ತೀರ್ಪು ಅನ್ನುವ ತಲೆಬರಹದಡಿ ಹೇಗೆ ಸೇರಿಸುತ್ತೀರಿ?

ಬೌರಿಂಗ್‌ಪೇಟೆ ಹಳಬ:
ಕೂದಲೆಳೆಯಲ್ಲಿ ತಪ್ಪಿತು ಸ್ವಾಮಿ. ಆ ಕಳ್ಳನಿಗೆ ಮನಸ್ಸು ಬರದೇ ಇದ್ದಿದ್ದರೆ ಆಗಿಯೇ ಬಿಡುತ್ತಿತ್ತು.

ತುಮಕೂರು ಕರಿಕೋಟು:
ನಾನು ವಕೀಲ, ಕ್ರಿಮಿನಲ್ ಕೇಸುಗಳೇ ಜಾಸ್ತಿ. ಪೆಲ್ ತೀರ್ಪು ಓದಿದ್ದೇನೆ, ಆಸ್ಟ್ರೇಲಿಯಾ ಹೈಕೋರ್ಟಿನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನೀವೂ ಮೊದಲು ಅದನ್ನು ಓದಿ, ಆಮೇಲೆ ಕ್ಯಾಮೆರಾ ಮುಟ್ಟಿ.

ಆ ಕೋರ್ಟು 'ದೂರುದಾರ ಸುಳ್ಳು ಹೇಳಿದ' ಎಂದು ಎಲ್ಲೂ ಹೇಳಿಲ್ಲ. ಅದು ಹೇಳಿದ್ದು ಇಷ್ಟು. ದೂರುದಾರನ ಮಾತು ನಂಬುವ ಹಾಗಿದೆ ಎಂದೇ ಜ್ಯೂರಿ ತಿಳಿದುಕೊಂಡಿರಲಿ. ಆದರೂ ಉಳಿದ ಸಾಕ್ಷಿಗಳು ಇದ್ದರಲ್ಲ? ಪೂಜೆ ಮುಗಿದ ಮೇಲೆ ಆರ್ಚ್‌ಬಿಷಪ್, ಅಂದರೆ ಆಗ ಪೆಲ್, ಬಾಗಿಲ ಮೆಟ್ಟಿಲ ಮೇಲೆ ನಿಂತು ಜನರನ್ನು ಮಾತನಾಡಿಸುವುದು ರೂಢಿ. ಪೂಜೆಯ ನಿಲುವಂಗಿಯಲ್ಲಿದ್ದಾಗ ಅವರ ಜೊತೆ ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು. ಪೂಜೆಯ ಬಟ್ಟೆ, ಪಾತ್ರೆ ಇಡುವ ಆ ಕೋಣೆಗೆ ಪೂಜೆಯಾದ ತಕ್ಷಣ ಜನ ಹೋಗಿ ಬಂದು ಮಾಡುತ್ತಿದ್ದರು. ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸರಿಯಾಗಿ ಯೋಚಿಸುವ ಜ್ಯೂರಿಗೆ ಸಂಶಯ ಬರಲೇಬೇಕಿತ್ತು, ಹಾಗಾಗಿ ಶಿಕ್ಷೆ ನಿಲ್ಲುವುದಿಲ್ಲ ಎಂದರು.

ಅಂದರೆ ಕಾನೂನಿನ ಕಣ್ಣಲ್ಲಿ ಪೆಲ್ ನಿರಪರಾಧಿ. ಸಂಪೂರ್ಣವಾಗಿ. ಅದರಲ್ಲಿ ಅರೆಬರೆ ಇಲ್ಲ. ಆದರೆ 1996ರ ಆ ಭಾನುವಾರ ಏನು ನಡೆಯಿತು ಎಂದು ಕೋರ್ಟು ಕತೆ ಹೇಳಲಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ. ನಿಮ್ಮ ಚಿತ್ರದಲ್ಲಿ 'ಸುಳ್ಳು ಆರೋಪ' ಎಂಬ ಪದ ಬಂದರೆ ಕೋರ್ಟು ಹೇಳದ್ದನ್ನು ನೀವು ಹೇಳಿದ ಹಾಗೆ.

ಇನ್ನೊಂದು. ಅಲ್ಲಿನ ರಾಯಲ್ ಕಮಿಷನ್ (ಸರ್ಕಾರ ನೇಮಿಸಿದ ತನಿಖಾ ಆಯೋಗ) ವರದಿಯಲ್ಲಿ ಪೆಲ್ ಬಗ್ಗೆ ಮುಚ್ಚಿಟ್ಟಿದ್ದ ಭಾಗ 2020ರ ಮೇನಲ್ಲಿ ಹೊರಬಂತು. ಬೇರೆ ಪಾದ್ರಿಗಳು ಮಕ್ಕಳಿಗೆ ಕಿರುಕುಳ ಕೊಡುತ್ತಿದ್ದದ್ದು 1973ರ ಹೊತ್ತಿಗೇ ಅವರಿಗೆ ಅರಿವಿತ್ತು ಎಂದು ಅದು ಹೇಳಿತು. ಪೆಲ್ ಒಪ್ಪಲಿಲ್ಲ. 2023ರ ಜನವರಿಯಲ್ಲಿ ತೀರಿಕೊಂಡರು. ತೀರ್ಪನ್ನು ತೋರಿಸಿ ಇದನ್ನು ಬಿಟ್ಟರೆ ಅದು ಸಾಕ್ಷ್ಯಚಿತ್ರ ಅಲ್ಲ, ಜಾಹೀರಾತು.

ಶಿಡ್ಲಘಟ್ಟ ಗೂಡು:
ಜ್ಯೂರಿ ಅಂದರೆ ನಮ್ಮ ಕಡೆ ಪಂಚಾಯ್ತಿ ಕಟ್ಟೆ ಥರಾನಾ?

ತುಮಕೂರು ಕರಿಕೋಟು:
ಕಾನೂನು ಓದದ 12 ಜನ ಸಾಮಾನ್ಯರು ಕೂತು ಕೇಳಿ ತಪ್ಪಿತಸ್ಥ ಹೌದೋ ಅಲ್ಲವೋ ಹೇಳುತ್ತಾರೆ. ಕಾರಣ ಕೊಡುವುದಿಲ್ಲ. ನಮ್ಮಲ್ಲೂ ಇತ್ತು, 1959ರ ನಾನಾವತಿ ಕೊಲೆ ಕೇಸಿನ ಸುದ್ದಿ ಕೇಳಿರುತ್ತೀರಿ. ಈಗಿಲ್ಲ. ಇಲ್ಲಿ ಜಡ್ಜ್ ಕಾರಣ ಬರೆಯಲೇಬೇಕು, ಸಾಕ್ಷ್ಯಚಿತ್ರ ಮಾಡುವವರಿಗೆ ಅದು ಅನುಕೂಲ. ತಪ್ಪಾಗಿದ್ದರೆ ಎಲ್ಲಿ ಆಯಿತು ಎಂದು ಪುಟ ತೋರಿಸಬಹುದು.

ಚಾಂಪಿಯನ್ ರೀಫ್ಸ್ ಸೆಲ್ವಿ:
ತಮ್ಮಾ ಊರ್ಗಾಂ, ನಾನೂ ಚರ್ಚಿಗೆ ಹೋಗುವವಳೇ, ನಿಮ್ಮ ಅಮ್ಮನ ಭಯ ನನಗೆ ಅರ್ಥ ಆಗುತ್ತದೆ. ಆದರೆ ಆಸ್ಟ್ರೇಲಿಯಾಕ್ಕೆ ಯಾಕೆ ಹೋಗುತ್ತೀರಿ? ಪಕ್ಕದ ಕೇರಳದಲ್ಲೇ ಇದೆಯಲ್ಲ.

ನಮ್ಮ ಅತ್ತೆ ಕೇರಳದವರು, ನರ್ಸ್ ಆಗಿ ಇಲ್ಲಿಗೆ ಬಂದವರು. ಅವರು ಹೇಳುತ್ತಿದ್ದ ಕತೆ ಮಾಡತ್ತರುವಿ ಕೊಲೆ ಕೇಸು. 1966ರಲ್ಲಿ ರಾನ್ನಿ ಹತ್ತಿರ ಒಬ್ಬ ವಿಧವೆಯ ಶವ ಸಿಕ್ಕಿತು. ಮೈತುಂಬಾ ಇರಿತದ ಗಾಯ. ಹಿಡಿದದ್ದು ಫಾದರ್ ಬೆನೆಡಿಕ್ಟ್ ಓಣಂಕುಳಂ ಅವರನ್ನು. ಕೊಲ್ಲಂ ಸೆಷನ್ಸ್ ಕೋರ್ಟು ಅದೇ ವರ್ಷ ಗಲ್ಲು ಶಿಕ್ಷೆ ಕೊಟ್ಟಿತು. 1967ರಲ್ಲಿ ಕೇರಳ ಹೈಕೋರ್ಟು ಬಿಡುಗಡೆ ಮಾಡಿತು. ಆಮೇಲೆ ಅವರು ಮೂವತ್ತು ವರ್ಷಕ್ಕೂ ಜಾಸ್ತಿ ಬದುಕಿದ್ದರು. ಪಾಪನಿವೇದನೆಯಲ್ಲಿ ಕೇಳಿದ ಗುಟ್ಟು ಬಿಡಬಾರದು ಅಂತ ಕೋರ್ಟಿನಲ್ಲಿ ಬಾಯಿ ಬಿಡಲಿಲ್ಲ ಎಂದು ಅತ್ತೆಯಂಥವರು ಈಗಲೂ ನಂಬುತ್ತಾರೆ. ಅತ್ತೆ ಈ ಕತೆ ಹೇಳುವಾಗ ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದರು, "ಹಗ್ಗ ಇಷ್ಟು ಹತ್ತಿರ ಬಂದಿತ್ತು" ಅಂತ.

ಗೌರಿಬಿದನೂರು ಮೇಷ್ಟ್ರು:
ಸೆಲ್ವಿಯವರೇ, ಅದಕ್ಕೊಂದು ಬಾಲ ಇದೆ. ಹೈಕೋರ್ಟು ಬಿಟ್ಟ 1967ರಲ್ಲೇ ಆ ಕೇಸಿನ ಮೇಲೆ ಎರಡು ಮಲಯಾಳಂ ಸಿನಿಮಾ ಬಂದವು. ಎರಡು! ಟೀವಿ ಚಾನೆಲ್‌ಗಳು ಇಲ್ಲದ ಕಾಲದಲ್ಲೂ ಜನಕ್ಕೆ ಅಷ್ಟು ಅವಸರ ಇತ್ತು. ಈ ಊರ್ಗಾಂ ಹುಡುಗ ಚಿತ್ರ ಮಾಡುವುದಾದರೆ ಅದನ್ನೂ ಒಳಗೆ ತರಬೇಕು. ಕೋರ್ಟಿನ ತೀರ್ಪಿನ ಜೊತೆಜೊತೆಗೇ ಟಾಕೀಸಿನ ತೀರ್ಪೂ ಹೇಗೆ ಬರುತ್ತದೆ ಎಂದು.

ಮಾಲೂರು ಹೆಂಚು:
ಸಿಸ್ಟರ್ ಅಭಯಾ ಕೇಸೂ ಸೇರಿಸಿ. ಅಲ್ಲೂ ಫಾದರ್‌ಗೆ ಶಿಕ್ಷೆ ಆಗಿ ಬಿಡುಗಡೆ ಆಯಿತಲ್ಲ.

ತುಮಕೂರು ಕರಿಕೋಟು:
ಇಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಇಲ್ಲದಿದ್ದರೆ ನಾಳೆ ಯಾರಾದರೂ ವಾಟ್ಸಾಪ್‌ನಲ್ಲಿ ಹಂಚುತ್ತಾರೆ. ಸಿಸ್ಟರ್ ಅಭಯಾ 1992ರಲ್ಲಿ ಕೊಟ್ಟಾಯಂನ ಕಾನ್ವೆಂಟ್ ಬಾವಿಯಲ್ಲಿ ಶವವಾಗಿ ಸಿಕ್ಕರು. 28 ವರ್ಷದ ಮೇಲೆ, 2020ರ ಡಿಸೆಂಬರ್‌ನಲ್ಲಿ ಸಿಬಿಐ ಕೋರ್ಟು ಒಬ್ಬ ಫಾದರ್‌ಗೆ, ಒಬ್ಬ ಸಿಸ್ಟರ್‌ಗೆ ಜೀವಾವಧಿ ಕೊಟ್ಟಿತು. 2022ರಲ್ಲಿ ಹೈಕೋರ್ಟು ಮಾಡಿದ್ದು ಮೇಲ್ಮನವಿ ಮುಗಿಯುವವರೆಗೆ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟದ್ದು. ಜಾಮೀನು ಬಿಡುಗಡೆ ಅಲ್ಲ. ಇದನ್ನು 'ತಪ್ಪು ತೀರ್ಪು' ಪಟ್ಟಿಗೆ ಹಾಕಿದರೆ ಸತ್ತ ಹುಡುಗಿಗೆ ಮಾಡುವ ದ್ರೋಹ.

ಮಾಲೂರು ಹೆಂಚು:
ಸರಿ ಲಾಯರ್ ಸಾಹೇಬ್ರೆ, ಬೈಯಬೇಡಿ.

ಕೈವಾರ ಕಾಲುದಾರಿ:
ಸ್ಟ್ಯಾನ್ ಸ್ವಾಮಿ ಅವರನ್ನು ಯಾರೂ ಹೇಳಲಿಲ್ಲವಲ್ಲ. ಜೆಸ್ಯೂಟ್ ಪಾದ್ರಿ, ಹಿಂದೆ ಬೆಂಗಳೂರಿನಲ್ಲೂ ವರ್ಷಗಟ್ಟಲೆ ಕೆಲಸ ಮಾಡಿದವರು. 2020ರ ಅಕ್ಟೋಬರ್‌ನಲ್ಲಿ ಯುಎಪಿಎ ಎಂಬ ಭಯೋತ್ಪಾದನೆ ತಡೆ ಕಾಯ್ದೆ ಅಡಿ ಬಂಧನ. ಪಾರ್ಕಿನ್ಸನ್ ಕಾಯಿಲೆ, ಕೈ ನಡುಗಿ ಲೋಟ ಹಿಡಿಯಲು ಆಗುತ್ತಿರಲಿಲ್ಲ. ನೀರು ಹೀರಲು ಒಂದು ಸಿಪ್ಪರ್ ಕೊಡಿ ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ಕ್ಕೆ, 84ನೇ ವಯಸ್ಸಿನಲ್ಲಿ, ಜಾಮೀನು ಸಿಗದೆಯೇ ತೀರಿಕೊಂಡರು.

ಚಿಂತಾಮಣಿ ಟೊಮ್ಯಾಟೊ:
ಈಗ ರಾಜಕೀಯ ಶುರುವಾಯಿತು. ನಾನು ಕಾಫಿ ತರುತ್ತೇನೆ.

ತುಮಕೂರು ಕರಿಕೋಟು:
ಅವರಿಗೆ ಶಿಕ್ಷೆ ಆಗಿರಲಿಲ್ಲ, ವಿಚಾರಣೆಯೇ ಶುರುವಾಗಿರಲಿಲ್ಲ. ಅದು ಬೇರೆಯದೇ ಅನ್ಯಾಯ, ಬೇರೆಯದೇ ಚಿತ್ರ. ಎಲ್ಲ ಒಂದೇ ಚೀಲಕ್ಕೆ ತುಂಬಬೇಡಿ.

ಶ್ರೀನಿವಾಸಪುರ ಮಲ್ಲಿಕಾ:
ಪಾದ್ರಿ ವಿಷಯ ನನಗೆ ಗೊತ್ತಿಲ್ಲ, ಬಿಡುಗಡೆಯಾದವರ ಪಾಡು ಗೊತ್ತು. ನಮ್ಮ ದೊಡ್ಡಪ್ಪ ಊರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ದುಡ್ಡು ತಿಂದರು ಅಂತ ಕೇಸಾಯಿತು. ಕೆಳಗಿನ ಕೋರ್ಟಿನಲ್ಲಿ ಶಿಕ್ಷೆ, ಮೇಲೆ ಹೋದಾಗ ಖುಲಾಸೆ. ಅವರ ಸಹಿ ಇರುವ ಪುಸ್ತಕದಲ್ಲಿ ಇನ್ನೊಬ್ಬರ ಕೈಬರಹ ಇತ್ತು ಅಂತ ಆಗ ಗೊತ್ತಾಯಿತು. ಪೇಪರಿನಲ್ಲಿ ಬಂಧನದ ಸುದ್ದಿ ಫೋಟೋ ಸಮೇತ ಬಂದಿತ್ತು. ಖುಲಾಸೆ ಸುದ್ದಿ ಬರಲೇ ಇಲ್ಲ.

ದೊಡ್ಡಪ್ಪ ತೀರ್ಪಿನ ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು. ಹೆಣ್ಣು ನೋಡಲು ಬಂದವರಿಗೂ ತೋರಿಸಿದ್ದರು, ನಮ್ಮ ಅಕ್ಕನ ಸಂಬಂಧ ಕುದುರಿಸುವಾಗ. ಬಂದವರು ಕಾಫಿ ಕುಡಿದು, ಆ ಕಾಗದ ಮಡಚಿ ವಾಪಸ್ ಕೊಟ್ಟು, "ಆಮೇಲೆ ಹೇಳಿ ಕಳಿಸುತ್ತೇವೆ" ಅಂದರು. ಹೇಳಿ ಕಳಿಸಲಿಲ್ಲ. ನಿಮ್ಮ ಚಿತ್ರದಲ್ಲಿ ಬಿಡುಗಡೆ ಆದ ದಿನ ಹೂವಿನ ಹಾರ ತೋರಿಸಿ ಮುಗಿಸಬೇಡಿ. ಮಾರನೇ ದಿನ ತೋರಿಸಿ.

ಬೌರಿಂಗ್‌ಪೇಟೆ ಹಳಬ:
ಅಮ್ಮಾ, ಇದಕ್ಕಿಂತ ಒಳ್ಳೆಯ ಸಲಹೆ ಈ ಚರ್ಚೆಯಲ್ಲಿ ಬಂದಿಲ್ಲ. ತಪ್ಪಾಗಿ ಕೇಸು ಎದುರಿಸಿದವರಿಗೆ ಪರಿಹಾರ ಕೊಡಲು ಕಾನೂನು ಬೇಕು ಅಂತ ಲಾ ಕಮಿಷನ್ 2018ರಲ್ಲಿ ವರದಿ ಕೊಟ್ಟಿತ್ತು, 277ನೇ ವರದಿ. ಸುಳ್ಳು ಬೇಹುಗಾರಿಕೆ ಕೇಸಿನಲ್ಲಿ ಸಿಕ್ಕಿಹಾಕಿಸಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ಕೊಡಿಸಲು ಅದೇ ವರ್ಷ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಡೇರಿ ಲೆಕ್ಕದವರಿಗೆ ಯಾರು ಹೇಳುತ್ತಾರೆ?

ಗೌರಿಬಿದನೂರು ಮೇಷ್ಟ್ರು:
ಕೊಬ್ಬರಿಯವರು ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಮಕ್ಕಳ ಹತ್ತಿರ ಯಾರಿದ್ದರು? ಫ್ರಾನ್ಸಿನ ಊತ್ರೋ ಕೇಸು ನೋಡಿ, ಎರಡೂ ಕಡೆ ಅಲ್ಲೇ ಇದೆ.

ಮಕ್ಕಳ ಮೇಲಿನ ದೌರ್ಜನ್ಯದ ಕೇಸು. 2004ರಲ್ಲಿ 17 ಜನರ ವಿಚಾರಣೆ. ಅದರಲ್ಲಿ ಒಬ್ಬರು ದೊಮಿನಿಕ್ ವಿಯೆಲ್ ಎಂಬ ಪಾದ್ರಿ, ಅವರಿಗೆ 7 ವರ್ಷ ಶಿಕ್ಷೆ. ಮುಖ್ಯ ಆರೋಪಿ ಹೆಂಗಸು ವಿಚಾರಣೆ ವೇಳೆ "ನಾನು ಸುಳ್ಳು ಹೇಳಿ ಅವರನ್ನೆಲ್ಲ ಸೇರಿಸಿದೆ" ಎಂದಳು. 7 ಜನ ಆಗಲೇ ಬಿಡುಗಡೆಯಾದರು. ಪಾದ್ರಿಯೂ ಸೇರಿ ಉಳಿದ 6 ಜನ 2005ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಖುಲಾಸೆಯಾದರು. ಇನ್ನೊಬ್ಬ ಆರೋಪಿ ವಿಚಾರಣೆಗೆ ಮೊದಲೇ ಜೈಲಿನಲ್ಲಿ ಸತ್ತಿದ್ದ. ಸಂಸತ್ತು ತನಿಖಾ ಸಮಿತಿ ಮಾಡಿತು. ತನಿಖೆ ನಡೆಸಿದ ಜಡ್ಜ್ ಟೀವಿ ಕ್ಯಾಮೆರಾಗಳ ಮುಂದೆ ಕೂತು ಉತ್ತರ ಕೊಡಬೇಕಾಯಿತು.

ಈಗ ಇನ್ನೊಂದು ಕಡೆ. ಆ ಕೇಸಿನಲ್ಲಿ 12 ಮಕ್ಕಳು ನಿಜವಾಗಿಯೂ ನೊಂದವರು ಎಂದು ಕೋರ್ಟು ಒಪ್ಪಿತು. ಉಳಿದ ನಾಲ್ವರಿಗೆ ಶಿಕ್ಷೆ ಉಳಿಯಿತು. ಆದರೆ ದೇಶವೆಲ್ಲ 13 ನಿರಪರಾಧಿಗಳ ಬಗ್ಗೆ ಮಾತನಾಡಿತು, ಮಕ್ಕಳನ್ನು ಮರೆತಿತು. ತನಿಖೆ ಕೆಟ್ಟರೆ ನಿರಪರಾಧಿಯೂ ಹಾಳು, ನೊಂದ ಮಗುವೂ ಹಾಳು. ಎದ್ದು ಹೋದ ಆ ಹುಡುಗಿಯನ್ನು ವಾಪಸ್ ಕರೆಯಿರಿ. ಸ್ಕ್ರಿಪ್ಟ್ ಅವಳ ಕೈಗೆ ಕೊಡಿ. ಅವಳು ಒಪ್ಪದ ಸಾಲನ್ನು ಇಟ್ಟುಕೊಳ್ಳಲು ನಿಮ್ಮ ಹತ್ತಿರ ಕಾರಣ ಇರಬೇಕು.

ತಿಪಟೂರು ಕೊಬ್ಬರಿ:
ಮೇಷ್ಟ್ರೇ, ಹೀಗೆ ಮಾಡಿದರೆ ನನ್ನ ತಕರಾರಿಲ್ಲ. ಮಾಡುತ್ತಾರಾ ಅನ್ನುವುದೇ ಪ್ರಶ್ನೆ.

ಅಂತರಗಂಗೆ ಕೋತಿ:
ಅಮೆರಿಕದ ಫಾದರ್ ಗಾರ್ಡನ್ ಮೆಕ್‌ರೇ ಬಗ್ಗೆ ಮಾಡಿ. ನ್ಯೂ ಹ್ಯಾಂಪ್‌ಶೈರ್‌ನವರು. ಹುಡುಗನ ಮೇಲಿನ ದೌರ್ಜನ್ಯದ ಕೇಸಿನಲ್ಲಿ 1994ರಲ್ಲಿ ಶಿಕ್ಷೆ ಆಯಿತು, ಮೂವತ್ತಮೂರೂವರೆಯಿಂದ 67 ವರ್ಷ! ತಪ್ಪು ಒಪ್ಪಿಕೊಂಡರೆ ಒಂದರಿಂದ ಮೂರು ವರ್ಷದಲ್ಲಿ ಬಿಡುತ್ತೇವೆ ಅಂದಿದ್ದರು. ಮಾಡದ್ದನ್ನು ಒಪ್ಪುವುದಿಲ್ಲ ಅಂದರು. ತಪ್ಪು ಮಾಡಿದವನು ಹಾಗೆ ಅನ್ನುತ್ತಾನಾ?

ತುಮಕೂರು ಕರಿಕೋಟು:
ಅನ್ನುತ್ತಾನೆ. ನನ್ನ ಕಕ್ಷಿದಾರರನ್ನು ನೀವು ನೋಡಿಲ್ಲ.

ತಮಾಷೆ ಬಿಡಿ. ಮೆಕ್‌ರೇ ಪರವಾಗಿ ವಾಲ್‌ಸ್ಟ್ರೀಟ್ ಜರ್ನಲ್‌ನಂಥ ಪತ್ರಿಕೆಯಲ್ಲೇ ದೊಡ್ಡ ಬರಹಗಳು ಬಂದಿವೆ, ಕೇಸಿನಲ್ಲಿ ಓರೆಕೋರೆ ಇದೆ ಎಂದು ಹೇಳುವವರು ಸುಮಾರು ಜನ ಇದ್ದಾರೆ. ಆದರೆ ಆ ಶಿಕ್ಷೆ ರದ್ದಾಗಿಲ್ಲ. ಪೆಲ್, ಓಣಂಕುಳಂ, ವಿಯೆಲ್ ಈ ಮೂವರಿಗೂ ಮೇಲಿನ ಕೋರ್ಟಿನ ಕಾಗದ ಇದೆ. ಇವರಿಗೆ ಇಲ್ಲ. ಮೂವರ ಜೊತೆ ಒಂದೇ ಸಾಲಿನಲ್ಲಿ ಕೂರಿಸಿದರೆ ಜಡ್ಜ್ ಕುರ್ಚಿಯಲ್ಲಿ ನೀವು ಕೂತ ಹಾಗಾಯಿತು. 'ಇನ್ನೂ ಹೋರಾಡುತ್ತಿರುವವರು' ಎಂದು ಬೇರೆ ಭಾಗ ಮಾಡಿ, ಸರ್ಕಾರಿ ವಕೀಲರ ವಾದವನ್ನೂ ಹಾಕಿ.

ಅಂತರಗಂಗೆ ಕೋತಿ:
ಹಾಗಾದರೆ ಸಾಕ್ಷ್ಯಚಿತ್ರ ಯಾಕೆ ಬೇಕು ಸರ್? ಕೋರ್ಟು ಹೇಳಿದ್ದನ್ನೇ ಹೇಳಲು ಗೆಜೆಟ್ ಸಾಕಲ್ವಾ?

ರಾಬರ್ಟ್‌ಸನ್‌ಪೇಟೆ ರೀಲು:
ಕೋತಿಯವರ ಮಾತಿನಲ್ಲಿ ಹುರುಳಿದೆ. ನಾನು ಬೆಂಗಳೂರಿನಲ್ಲಿ ಸಾಕ್ಷ್ಯಚಿತ್ರಗಳಿಗೆ ಧ್ವನಿ ಕೆಲಸ ಮಾಡುತ್ತೇನೆ, ಊರು ಕೆಜಿಎಫ್. ಕೋರ್ಟಿಗಿಂತ ಮುಂದೆ ಹೋದ ಚಿತ್ರ ಇದೆ, 1988ರ 'ದಿ ಥಿನ್ ಬ್ಲೂ ಲೈನ್'. ಟೆಕ್ಸಾಸ್‌ನಲ್ಲಿ ಪೊಲೀಸನನ್ನು ಕೊಂದ ಅಂತ ರಾಂಡಲ್ ಆಡಮ್ಸ್‌ಗೆ ಮರಣದಂಡನೆ ಆಗಿತ್ತು, ಆಮೇಲೆ ಅದು ಜೀವಾವಧಿಯಾಯಿತು. ಚಿತ್ರ ಬಂದ ಮರುವರ್ಷ, 1989ರಲ್ಲಿ, ಬಿಡುಗಡೆ. ಪಾದ್ರಿ ಕತೆ ಅಲ್ಲ, ಆದರೆ ಕೆಲಸ ಕಲಿಯಲು ಅದನ್ನೇ ನೋಡಬೇಕು.

ಅದರಲ್ಲಿ ಗುಂಡು ಹಾರಿದ ರಾತ್ರಿಯನ್ನು ಮತ್ತೆ ಮತ್ತೆ ನಟಿಸಿ ತೋರಿಸುತ್ತಾರೆ. ಪ್ರತಿ ಸಲ ಬೇರೆ ಥರ. ಯಾವ ಸಾಕ್ಷಿ ಹೇಗೆ ಹೇಳಿದರೋ ಹಾಗೆ. ಒಂದು ಮಿಲ್ಕ್‌ಶೇಕ್ ಕಪ್ ನಿಧಾನವಾಗಿ ಗಾಳಿಯಲ್ಲಿ ಹಾರಿ ಬೀಳುತ್ತದೆ. ನೋಡುತ್ತಾ ನೋಡುತ್ತಾ ಇವರಲ್ಲಿ ಯಾರನ್ನು ನಂಬಬೇಕು ಅಂತ ನಿಮಗೇ ತಲೆಕೆಡುತ್ತದೆ. 'ನಡೆದದ್ದು ಹೀಗೆ' ಎಂದು ನಟನೆ ಮಾಡಿಸಬೇಡಿ, 'ಇವರು ಹೇಳಿದ್ದು ಹೀಗೆ' ಎಂದು ಮಾಡಿಸಿ. ಮಕ್ಕಳ ಮೇಲಿನ ದೌರ್ಜನ್ಯವನ್ನಂತೂ ಯಾವ ಕಾರಣಕ್ಕೂ ನಟಿಸಿ ತೋರಿಸಬೇಡಿ. ನೆರಳಿನಲ್ಲಿ ಕೂಡ ಬೇಡ.

ಇನ್ನೊಂದು ಮಾತು. ಆಡಮ್ಸ್ ಹೊರಗೆ ಬಂದ ಮೇಲೆ ತನ್ನ ಕತೆಯ ಹಕ್ಕಿಗಾಗಿ ಆ ನಿರ್ದೇಶಕನ ಮೇಲೇ ಕೇಸು ಹಾಕಿದ. ಆಮೇಲೆ ರಾಜಿಯಾಯಿತು. ಜೈಲಿಂದ ಬಿಡಿಸಿದವನ ಮೇಲೇ ಕೇಸು ಬಿದ್ದಿದೆ ಎಂದರೆ ಒಪ್ಪಿಗೆ ಪತ್ರ ಎಷ್ಟು ಮುಖ್ಯ ನೋಡಿ. ಬಾಯಿಮಾತು ನಂಬಬೇಡಿ.

ಧ್ವನಿ ಬಗ್ಗೆ. ನಮ್ಮ ಹಳೇ ಚರ್ಚುಗಳ ಒಳಗೆ ಸಂದರ್ಶನ ಮಾಡಬೇಡಿ. ನೋಡಲು ಚೆನ್ನ, ಕೇಳಲು ಕರ್ಮ. ಎತ್ತರದ ಚಾವಣಿ, ಮಾತು ಗುಂಯ್ ಅನ್ನುತ್ತದೆ. ಫ್ಯಾನ್ ಆಫ್ ಮಾಡಿದರೆ ಪಾರಿವಾಳ ಶುರು. ಮನೆಯ ಮಲಗುವ ಕೋಣೆ, ಹಾಸಿಗೆ ಇರುವುದು, ಅದಕ್ಕಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಇಳಿಸಲು ಹೇಳಿ.

ಚಿಂತಾಮಣಿ ಟೊಮ್ಯಾಟೊ:
ಸೈನೈಡ್ ದಿಬ್ಬದ ಮೇಲೆ ಡ್ರೋನ್ ಹಾರಿಸಿ ಶುರು ಮಾಡು ಗುರು, ಈಗ ಕೆಜಿಎಫ್‌ನವರೆಲ್ಲ ಅದೇ ಮಾಡೋದು.

ರಾಬರ್ಟ್‌ಸನ್‌ಪೇಟೆ ರೀಲು:
ಮೆಲ್ಬರ್ನ್ ಕೇಸಿಗೂ ಸೈನೈಡ್ ದಿಬ್ಬಕ್ಕೂ ಏನು ಸಂಬಂಧ ಮಾರಾಯಾ.

ಚಾಂಪಿಯನ್ ರೀಫ್ಸ್ ಸೆಲ್ವಿ:
ಭಾಷೆ ಯಾವುದು ತಮ್ಮಾ? ಕೆಜಿಎಫ್‌ನಲ್ಲಿ ಜಾಸ್ತಿ ಜನ ಮನೆಯಲ್ಲಿ ತಮಿಳು. ಬರೀ ಕನ್ನಡದಲ್ಲಿ ಮಾಡಿದರೆ ನಮ್ಮ ಹಿರಿಯರು ನೋಡುವುದಿಲ್ಲ.

ಮಾಲೂರು ಹೆಂಚು:
ಕರ್ನಾಟಕದಲ್ಲಿ ಕೂತು ಕನ್ನಡದಲ್ಲಿ ಮಾಡದೆ ಇನ್ನೇನು? ತಮಿಳಿನಲ್ಲಿ, ಮಲಯಾಳಂನಲ್ಲಿ, ಇಂಗ್ಲಿಷಿನಲ್ಲಿ ಮಾಡುವವರು ಬೇಕಾದಷ್ಟು ಇದ್ದಾರೆ.

ಚಾಂಪಿಯನ್ ರೀಫ್ಸ್ ಸೆಲ್ವಿ:
ಕನ್ನಡ ಬೇಡ ಅಂದೆನಾ ನಾನು? ಕೆಳಗೆ ತಮಿಳು ಅಕ್ಷರ ಹಾಕಿ ಅಂದೆ. ಗಣಿ ಇದ್ದಾಗ ಒಂದೇ ಬೋನಿನಲ್ಲಿ ಎಲ್ಲ ಭಾಷೆಯವರೂ ಇಳಿಯುತ್ತಿದ್ದರು, ಆಗ ಯಾರೂ ಜಗಳ ಆಡಲಿಲ್ಲ.

ಶಿಡ್ಲಘಟ್ಟ ಗೂಡು:
ಆಡುತ್ತಿದ್ದರು ಅಕ್ಕ. ನಮ್ಮ ಮಾವ ಅಲ್ಲೇ ಕೆಲಸದಲ್ಲಿದ್ದವರು, ಮೇಲೆ ಬಂದ ಮೇಲೆ ಆಡುತ್ತಿದ್ದರಂತೆ.

ಊರ್ಗಾಂ ಕ್ಯಾಮೆರಾ:
ಭಾಷೆ ಜಗಳ ಆಮೇಲೆ ಇಟ್ಟುಕೊಳ್ಳೋಣ. ದುಡ್ಡಿನ ಬಗ್ಗೆ ಕೇಳಬೇಕು. ಪರಿಚಯದ ಫಾದರ್ ಒಬ್ಬರು "ಒಳ್ಳೆಯ ಕೆಲಸ, ಪ್ಯಾರಿಷ್‌ನಲ್ಲಿ ಚಂದಾ ಎತ್ತಿ ಕೊಡಿಸುತ್ತೇನೆ" ಅಂದರು. ತೆಗೆದುಕೊಳ್ಳಬಹುದಾ?

ತಿಪಟೂರು ಕೊಬ್ಬರಿ:
ಒಂದು ರೂಪಾಯಿ ಮುಟ್ಟಿದರೂ ನಿಮ್ಮ ಚಿತ್ರ ಸತ್ತಿತು.

ಬೌರಿಂಗ್‌ಪೇಟೆ ಹಳಬ:
ಇದೊಂದರಲ್ಲಿ ಕೊಬ್ಬರಿಯವರ ಪರ. ಫಾದರ್‌ಗೆ ಕೈ ಮುಗಿದು ಬೇಡ ಅನ್ನಿ. ದುಡ್ಡು ಯಾರದು ಅಂತಲೇ ಜನ ಮೊದಲು ಕೇಳುವುದು. ಚರ್ಚಿನ ಮೇಲೆ ಸಿಟ್ಟಿರುವವರ ದುಡ್ಡೂ ಬೇಡ. ಅವರು ಫೋನು ಮಾಡುತ್ತಾರೆ, ನೋಡುತ್ತಿರಿ.

ತುಮಕೂರು ಕರಿಕೋಟು:
ಕಾನೂನು ವಿಷಯ ಒಂದೇ ಸಲ ಹೇಳಿ ನಾನು ಊಟಕ್ಕೆ ಹೋಗುತ್ತೇನೆ.

ನೊಂದವರ ಗುರುತು ಬಿಟ್ಟುಕೊಡಬೇಡಿ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ, ಮಕ್ಕಳಾದರೆ ಪೋಕ್ಸೊ ಕಾಯ್ದೆಯ 23. ಹೆಸರು ಮಾತ್ರ ಅಲ್ಲ, ಶಾಲೆ, ಬೀದಿ, ಮನೆಯವರ ಮುಖ ತೋರಿಸಿ ಗುರುತು ಸಿಕ್ಕರೂ ಅಪರಾಧ. ಆರೋಪಿ ಖುಲಾಸೆಯಾದ ಮಾತ್ರಕ್ಕೆ ದೂರುದಾರರ ಹೆಸರು ಹೇಳಬಹುದು ಅಂದುಕೊಂಡು ಕೆಲವರು ಸಿಕ್ಕಿಬಿದ್ದಿದ್ದಾರೆ. ಪೆಲ್ ಕೇಸಿನ ದೂರುದಾರನ ಹೆಸರೂ ಹೊರಬಂದಿಲ್ಲ, ನೀವು ಹುಡುಕಲೂ ಹೋಗಬೇಡಿ. ಆ ಕೇಸಿನಲ್ಲಿ ಕೋರ್ಟು ಸುದ್ದಿಗೆ ತಡೆ ಹಾಕಿದ್ದಾಗ ಸೂಚನೆಯಾಗಿ ಬರೆದ ಮಾಧ್ಯಮಗಳಿಗೆ 2021ರಲ್ಲಿ 10 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗೂ ಜಾಸ್ತಿ ದಂಡ ಬಿತ್ತು.

ಮುಗಿದ ಕೇಸಿನ ತೀರ್ಪನ್ನು ಮರ್ಯಾದೆಯಿಂದ ಟೀಕಿಸಬಹುದು, ನ್ಯಾಯಾಂಗ ನಿಂದನೆ ಆಗುವುದಿಲ್ಲ. ನಡೆಯುತ್ತಿರುವ ಕೇಸಿಗೆ ಕೈ ಹಾಕಬೇಡಿ. ಹಳೇ ದಾಖಲೆಗೆ ಆರ್‌ಟಿಐ ಹಾಕಿ ಕಾಯಬೇಡಿ. ಕೋರ್ಟಿನ ನಿಯಮದ ಪ್ರಕಾರವೇ ನಕಲು ಅರ್ಜಿ ಹಾಕಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಕಕ್ಷಿದಾರ ಅಲ್ಲದವರು ಯಾಕೆ ಬೇಕು ಅಂತ ಕಾರಣ ಬರೆಯಬೇಕು. ಜೈಲಿನ ಒಳಗೆ ಚಿತ್ರೀಕರಣಕ್ಕೆ ಸರ್ಕಾರದ ಅನುಮತಿ ಬೇಕು. ತಿಹಾರ್ ಜೈಲಿನಲ್ಲಿ ಕೈದಿಯ ಸಂದರ್ಶನ ಮಾಡಿದ ಚಿತ್ರದ ಪ್ರಸಾರಕ್ಕೆ 2015ರಲ್ಲಿ ತಡೆ ಬಿದ್ದದ್ದು ನೆನಪಿರಲಿ.

ಮಾಡತ್ತರುವಿ ಕೇಸಿಗೆ ವಿಶೇಷ ಎಚ್ಚರಿಕೆ. 'ನಿಜವಾದ ಕೊಲೆಗಾರ ಇಂಥವರು' ಎಂಬ ಕತೆಗಳು ಓಡಾಡುತ್ತಿವೆ. ಹೆಸರು ಹೇಳಬೇಡಿ. ಸತ್ತವರ ಮಾನ ಕಳೆದರೂ ಅವರ ಮನೆಯವರು ಮಾನನಷ್ಟ ಕೇಸು ಹಾಕಬಹುದು. ಒಬ್ಬರ ಮೇಲಿನ ತಪ್ಪು ತೀರ್ಪಿನ ಬಗ್ಗೆ ಚಿತ್ರ ಮಾಡಲು ಹೋಗಿ ಇನ್ನೊಬ್ಬರ ಮೇಲೆ ನೀವೇ ತೀರ್ಪು ಕೊಡುತ್ತೀರಿ, ವಿಚಾರಣೆ ಕೂಡ ಇಲ್ಲದೆ.

ಅಂತರಗಂಗೆ ಕೋತಿ:
ಸೆನ್ಸಾರ್?

ರಾಬರ್ಟ್‌ಸನ್‌ಪೇಟೆ ರೀಲು:
ಟಾಕೀಸು, ಸಭಾಂಗಣ ಎಂದು ಸಾರ್ವಜನಿಕವಾಗಿ ತೋರಿಸಿದರೆ ಸರ್ಟಿಫಿಕೇಟ್ ಬೇಕು. ಯೂಟ್ಯೂಬ್‌ಗೆ ಬೇಡ. ಚಿತ್ರೋತ್ಸವಕ್ಕೆ ವಿನಾಯಿತಿ ಕೇಳಬಹುದು.

ಊರ್ಗಾಂ ಕ್ಯಾಮೆರಾ:
ಇಷ್ಟು ಓದಿ ತಲೆ ಧಿಂ ಅಂತಿದೆ. ಈಗಿನ ಲೆಕ್ಕ ಹೀಗೆ. ಮಾಡತ್ತರುವಿ ಒಂದನ್ನೇ ಹಿಡಿಯುತ್ತೇವೆ. ಪೆಲ್, ಊತ್ರೋ ಇನ್ನೊಂದು ಚಿತ್ರಕ್ಕೆ. ಚಂದಾ ಬೇಡ ಅಂತ ಫಾದರ್‌ಗೆ ಇವತ್ತೇ ಹೇಳಿದೆ, ಸ್ವಲ್ಪ ಬೇಜಾರಾದರು. ಎದ್ದು ಹೋದವಳಿಗೆ ಈ ಚರ್ಚೆಯ ಲಿಂಕ್ ಕಳಿಸಿದೆ. "ಕೊಲೆಯಾದ ಹೆಂಗಸಿನ ಬಗ್ಗೆ ನಿಮಗೆ ಎಷ್ಟು ಗೊತ್ತು?" ಅಂತ ಒಂದೇ ಸಾಲು ಬರೆದಳು. ನಮ್ಮಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಫಾದರ್ ಬಗ್ಗೆ ಎರಡು ಪುಟ ಬರೆದಿಟ್ಟಿದ್ದೆ. ಆ ಹೆಂಗಸಿನ ಬಗ್ಗೆ 'ವಿಧವೆ' ಎಂಬ ಒಂದು ಪದ.

ಗೌರಿಬಿದನೂರು ಮೇಷ್ಟ್ರು:
ಅವಳನ್ನೇ ನಿರ್ದೇಶಕಿ ಮಾಡಿ.

ತಿಪಟೂರು ಕೊಬ್ಬರಿ:
ಫಾದರ್ ಖುಲಾಸೆಯಾದರು ಸರಿ. ಆ ಹೆಂಗಸನ್ನು ಕೊಂದದ್ದಕ್ಕೆ ಬೇರೆ ಯಾರಿಗಾದರೂ ಶಿಕ್ಷೆ ಆಯಿತಾ? ಅದನ್ನು ಚಿತ್ರದಲ್ಲಿ ಕೇಳಿ. ಆಗ ನಾನೂ ನೂರು ಜನರಿಗೆ ಹಂಚುತ್ತೇನೆ.

ಚಾಂಪಿಯನ್ ರೀಫ್ಸ್ ಸೆಲ್ವಿ:
ಅತ್ತೆ ಈಗಲೂ ಮಲಯಾಳಂ ಪೇಪರ್ ಓದುತ್ತಾರೆ, ಕಣ್ಣು ಚೆನ್ನಾಗಿದೆ. ಹಳೇ ಪತ್ರಿಕೆಯ ಪ್ರತಿ ಸಿಕ್ಕರೆ ಓದಿ ಹೇಳುತ್ತಾರೆ, ನಾನು ಕನ್ನಡದಲ್ಲಿ ಬರೆದುಕೊಡುತ್ತೇನೆ. ಆದರೆ ಅವರಿಗೆ ಫಾದರ್ ಎಂದರೆ ದೇವರು, ಅವರು ಹೇಳಿದ್ದನ್ನೇ ಪೂರ್ತಿ ನಂಬಬೇಡಿ.

ತುಮಕೂರು ಕರಿಕೋಟು:
ಊಟ ಆಯಿತು. 1967ರ ಹೈಕೋರ್ಟು ತೀರ್ಪು ಕಾನೂನು ವರದಿಗಳಲ್ಲಿ ಹುಡುಕಿ ನೋಡುತ್ತೇನೆ. ಭಾನುವಾರ ಸೇರುವುದಾದರೆ ಬರುತ್ತೇನೆ, ಕೋಲಾರ ಆದರೆ ಮಾತ್ರ. ಕೆಜಿಎಫ್‌ವರೆಗೆ ಆಗಲ್ಲ.

ಬೌರಿಂಗ್‌ಪೇಟೆ ಹಳಬ:
ಕೋಲಾರ ಯಾಕೆ, ಮುಳಬಾಗಿಲಿಗೆ ಬನ್ನಿ, ದೋಸೆ ತಿಂದುಕೊಂಡೇ ಮಾತನಾಡೋಣ.

ಚಿಂತಾಮಣಿ ಟೊಮ್ಯಾಟೊ:
ದೋಸೆ ಅಂದರೆ ನಾನೂ ತಂಡದಲ್ಲಿ ಇದ್ದೇನೆ. ಲೈಟ್ ಹಿಡಿಯುವುದು ನನ್ನ ಕೆಲಸ.